ಆಸ್ಪತ್ರೆ ಚೀಲ ಒಬ್ಬಳ ಹೆಗಲ ಮೇಲೇ ಯಾಕೆ?

(ದಾವಣಗೆರೆಯಲ್ಲಿ ಮಕ್ಕಳ ವಾರ್ಡ್ ನರ್ಸ್ ಆಗಿದ್ದು ನಿವೃತ್ತರಾದ ಸಿಸ್ಟರ್ ಓದುಗರ ಪತ್ರಗಳಿಗೆ ಉತ್ತರಿಸುತ್ತಾರೆ)

ಪ್ರಶ್ನೆ: ಅಕ್ಕಾ, ನಾವು ಜಗಳೂರು ತಾಲ್ಲೂಕಿನ ಹಳ್ಳಿಯವರು. ಮಗಳಿಗೆ ಆರು ವರ್ಷ, ಥಲಸ್ಸೇಮಿಯಾ ಮೇಜರ್, ಅಂದರೆ ಮೈಯಲ್ಲಿ ಸರಿಯಾಗಿ ರಕ್ತ ಆಗದ ಹುಟ್ಟು ಕಾಯಿಲೆ. ಮೂರು ವಾರಕ್ಕೊಮ್ಮೆ ದಾವಣಗೆರೆಗೆ ಬಂದು ರಕ್ತ ಹಾಕಿಸಬೇಕು. ಹಿಂದಿನ ರಾತ್ರಿಯಿಂದಲೇ ‘ಸೂಜಿ ಬೇಡ’ ಅಂತ ಅಳುತ್ತಾಳೆ. ಕಬ್ಬಿಣ ಇಳಿಸುವ ಮಾತ್ರೆಯನ್ನು ಹಾಲಲ್ಲಿ ಕದಡಿ ಕೊಟ್ಟರೆ ಅರ್ಧ ಲೋಟದಲ್ಲೇ ಉಳಿಯುತ್ತದೆ. ಯಜಮಾನರು ‘ನಿನಗೇ ಎಲ್ಲಾ ಗೊತ್ತಲ್ಲ, ನೀನೇ ಹೋಗು’ ಅಂತಾರೆ. ಅತ್ತೆ ‘ನಿನ್ನ ಕಡೆಯಿಂದ ಬಂದ ಕಾಯಿಲೆ, ಇನ್ನೊಂದು ಮಗು ಮಾಡ್ಕೋ’ ಅಂತಾರೆ. ದೊಡ್ಡ ಮಗನಿಗೆ ಹತ್ತು ವರ್ಷ. ನಾನು ಆಸ್ಪತ್ರೆಯಿಂದ ಬಂದ ದಿನ ಅವನು ಮಾತೇ ಆಡೋಲ್ಲ. ತುಂಬಾ ಸುಸ್ತಾಗಿದ್ದೇನೆ. ಧೈರ್ಯ ಹೇಳಿ.

ಉತ್ತರ: ತಂಗೀ, ನಿನ್ನಲ್ಲಿ ಧೈರ್ಯಕ್ಕೆ ಕೊರತೆ ಇಲ್ಲ. ಮೂರು ವಾರಕ್ಕೊಮ್ಮೆ ಮಗು ಎತ್ತಿಕೊಂಡು ಮೊದಲ ಬಸ್ ಹತ್ತುವವಳಿಗೆ ನಾನು ಏನು ಧೈರ್ಯ ಹೇಳಲಿ? ನಿನಗೆ ಬೇಕಾಗಿರೋದು ಇನ್ನೊಬ್ಬರ ಕೈ. ನಿನ್ನ ಪತ್ರದಲ್ಲಿ ನನಗೆ ಜಾಸ್ತಿ ಚುಚ್ಚಿದ್ದು ಮಗಳ ಅಳುವಲ್ಲ, ‘ನಿನಗೇ ಎಲ್ಲಾ ಗೊತ್ತಲ್ಲ’ ಅನ್ನುವ ಆ ಮಾತು.

ಆ ಮಾತಿನ ಫಲವನ್ನು ವಾರ್ಡಿನಲ್ಲಿ ಎಷ್ಟೋ ಸಲ ನೋಡಿದ್ದೇನೆ. ತಾಯಿಗೆ ಜ್ವರ ಬಂದಿರುತ್ತದೆ, ಅವತ್ತು ಮಗುವನ್ನು ಅಪ್ಪ ಕರೆದುಕೊಂಡು ಬಂದಿರುತ್ತಾರೆ. ಹೋದ ಸಲ ಯಾವತ್ತು ಹಾಕಿಸಿದ್ದು? ಈಗ ತೂಕ ಎಷ್ಟು? ಹಾಕುವಾಗ ಚಳಿ ಬಂದಿತ್ತಾ? ಒಂದಕ್ಕೂ ಉತ್ತರ ಇರೋಲ್ಲ. ಮೊಬೈಲ್ ತೆಗೆದು ಮನೆಗೆ ಫೋನ್ ಮಾಡುತ್ತಾರೆ. ಜ್ವರದಲ್ಲಿ ಮಲಗಿದವಳು ಅಲ್ಲಿಂದಲೇ ಒಂದೊಂದಾಗಿ ಹೇಳುತ್ತಾಳೆ. ಅಪ್ಪನಿಗೆ ಮಗುವಿನ ಮೇಲೆ ಪ್ರೀತಿ ಇಲ್ಲ ಅಂತಲ್ಲ. ಅವರಿಗೆ ಯಾರೂ ಕಲಿಸಿಲ್ಲ, ಅವರೂ ಕಲಿಯೋಕೆ ಹೋಗಿಲ್ಲ. ಇದು ಸುಸ್ತಿನ ಪ್ರಶ್ನೆ ಮಾತ್ರ ಅಲ್ಲ. ನೀನು ಮಲಗಿದ ದಿನ ನಿನ್ನ ಮಗಳ ಚಿಕಿತ್ಸೆಯೂ ಮಲಗುತ್ತದೆ.

ಹಾಗಾಗಿ ನಾಳೆಯೇ ಒಂದು ಉದ್ದದ ನೋಟ್‌ಬುಕ್ ತರಿಸು. ಮೊದಲ ಪುಟದಲ್ಲಿ ಕಾಯಿಲೆಯ ಹೆಸರು, ರಕ್ತದ ಗುಂಪು, ಮಾತ್ರೆಯ ಹೆಸರು, ಎಷ್ಟು ಮಿಲಿಗ್ರಾಂ, ಡಾಕ್ಟರ್ ನಂಬರ್. ಆಮೇಲೆ ಪ್ರತಿ ಸಲ ತಾರೀಖು, ತೂಕ, ರಕ್ತ ಹಾಕುವ ಮುಂಚಿನ ಹಿಮೋಗ್ಲೋಬಿನ್, ಎಷ್ಟು ಮಿಲಿ ಹಾಕಿದರು, ಚೀಲದ ನಂಬರ್, ಹಾಕುವಾಗ ಏನಾಯಿತು, ಮುಂದಿನ ತಾರೀಖು. ಮೂರು ತಿಂಗಳಿಗೊಮ್ಮೆ ಮಾಡಿಸುವ ಫೆರಿಟಿನ್, ಅಂದರೆ ಮೈಯಲ್ಲಿ ಕಬ್ಬಿಣ ಎಷ್ಟು ಸೇರಿದೆ ಅಂತ ತಿಳಿಸುವ ರಕ್ತ ಪರೀಕ್ಷೆ, ಬೇರೆ ಪುಟದಲ್ಲಿರಲಿ. ತೂಕ ಮರೆಯಬೇಡ. ರಕ್ತವನ್ನೂ ಮಾತ್ರೆಯನ್ನೂ ಲೆಕ್ಕ ಹಾಕುವುದು ತೂಕದ ಮೇಲೆಯೇ.

ಆದರೆ ಬರೆಯುವವಳು ನೀನಾಗಬೇಡ. ನೀನು ಹೇಳು, ಯಜಮಾನರು ತಮ್ಮ ಕೈಯಾರೆ ಬರೆಯಲಿ. ಮುಂದಿನ ಸಲ ಇಬ್ಬರೂ ಹೋಗಿ, ಚೀಟಿ ಮಾಡಿಸೋದರಿಂದ ಹಿಡಿದು ಬ್ಲಡ್ ಬ್ಯಾಂಕಿನ ಓಡಾಟದವರೆಗೆ ಎಲ್ಲ ಅವರೇ ಮಾಡಲಿ. ನೀನು ಬೆಂಚಿನ ಮೇಲೆ ಕೂತಿರು. ಅವರು ತಡವರಿಸುತ್ತಾರೆ. ಆಗ ಎದ್ದು ಹೋಗಿ ಕೈಯಿಂದ ಫೈಲ್ ಕಿತ್ತುಕೊಳ್ಳಬೇಡ ತಾಯಿ, ಅದೇ ಕಷ್ಟದ ಕೆಲಸ. ಒಂದು ವಿಷಯ ಮಾತ್ರ ಒತ್ತಿ ಹೇಳು. ರಕ್ತ ಶುರುವಾದ ಮೊದಲ 15 ನಿಮಿಷ ಮಗುವಿನ ಪಕ್ಕದಿಂದ ಏಳಬಾರದು, ಟೀ ಕುಡಿಯೋಕೂ ಹೋಗಬಾರದು. ಚಳಿ, ನಡುಕ, ಮೈಮೇಲೆ ಗಂಧೆ, ಬೆನ್ನುನೋವು, ಉಸಿರಾಟಕ್ಕೆ ಕಷ್ಟ, ಇದರಲ್ಲಿ ಯಾವುದು ಕಂಡರೂ ಕೂಡಲೇ ಸಿಸ್ಟರ್‌ನ ಕರೆಯಬೇಕು. ಆಮೇಲೂ ಮುಗಿಯುವವರೆಗೆ ಕಣ್ಣಿಟ್ಟಿರಬೇಕು. ಅದರ ಮುಂದಿನ ಸಲ ಅವರೊಬ್ಬರೇ ಹೋಗಲಿ, ನೋಟ್‌ಬುಕ್ ಜೊತೆಗೆ.

‘ಮಗು ಸುಸ್ತಾದರೆ ಹೋದರಾಯ್ತು’ ಅಂತ ಯಾರೇ ಅಂದರೂ ದಿನ ತಳ್ಳಬೇಡಿ. ರಕ್ತ ಹಾಕುವ ಮುಂಚೆ ಹಿಮೋಗ್ಲೋಬಿನ್ 9.5ರಿಂದ 10.5ರ ಆಸುಪಾಸು ಇರುವ ಹಾಗೆ ನೋಡಿಕೊಳ್ಳೋದೇ ಈ ಚಿಕಿತ್ಸೆಯ ಗುರಿ. ತೀರಾ ಇಳಿಯೋಕೆ ಬಿಟ್ಟರೆ ಮೂಳೆಯೊಳಗಿನ ಮಜ್ಜೆ ರಕ್ತ ಮಾಡೋಕೆ ಹೆಣಗಾಡಿ ಮುಖದ ಮೂಳೆ ಉಬ್ಬುತ್ತದೆ, ಗುಲ್ಮ ದೊಡ್ಡದಾಗುತ್ತದೆ, ಬೆಳವಣಿಗೆ ಕುಂಠಿತವಾಗುತ್ತದೆ.

ಇನ್ನು ಸೂಜಿ. ಮಗಳಿಗೆ ಹಿಂದಿನ ದಿನ ಹಗಲು ಹೊತ್ತಲ್ಲಿ ಹೇಳು, ಮಲಗೋ ಹೊತ್ತಿಗೆ ಬೇಡ. ‘ನೋವೇ ಆಗೋಲ್ಲ’ ಅನ್ನಬೇಡ, ಅವಳಿಗೆ ಗೊತ್ತು ಆಗುತ್ತೆ ಅಂತ. ‘ಸ್ವಲ್ಪ ಚುರುಕ್ ಅನ್ನುತ್ತೆ, ನಾನು ಕೈ ಹಿಡ್ಕೊಂಡಿರ್ತೀನಿ’ ಅನ್ನು. ಯಾವ ಕೈಗೆ ಅಂತ ಅವಳೇ ಆರಿಸಲಿ, ನರ ಸಿಗುವ ಹಾಗಿದ್ದರೆ ಸಿಸ್ಟರ್‌ಗಳು ಒಪ್ಪುತ್ತಾರೆ. ಚರ್ಮ ಮರಗಟ್ಟಿಸುವ ಕ್ರೀಮ್ ಒಂದಿದೆ, ಲಿಗ್ನೊಕೇನ್ ಮತ್ತು ಪ್ರಿಲೊಕೇನ್ ಸೇರಿದ್ದು. ಡಾಕ್ಟರ್‌ನ ಕೇಳಿ ಬರೆಸಿಕೋ. ಸೂಜಿಗೆ ಒಂದು ಗಂಟೆ ಮುಂಚೆ ಎರಡೂ ಮುಂಗೈ ಮೇಲೆ ದಪ್ಪಗೆ ಹಚ್ಚಿ, ಮೇಲೆ ಪ್ಲಾಸ್ಟಿಕ್ ಪಟ್ಟಿ ಅಂಟಿಸಬೇಕು. ಬಸ್ ಇಳಿದ ಕೂಡಲೇ ಹಚ್ಚಿದರೆ ಕ್ರಾಸ್ ಮ್ಯಾಚ್ (ತಂದ ರಕ್ತ ಮಗುವಿಗೆ ಹೊಂದುತ್ತದಾ ಅಂತ ನೋಡುವ ಪರೀಕ್ಷೆ) ಮುಗಿಯೋ ಹೊತ್ತಿಗೆ ಸರಿಹೋಗುತ್ತದೆ. ಚಳಿಗಾಲದ ಬೆಳಿಗ್ಗೆ ಕಿಟಕಿ ಪಕ್ಕ ಕೂತು ಬಂದ ಮಗುವಿನ ಕೈ ತಣ್ಣಗಿರುತ್ತದೆ, ನರ ಒಳಗೆ ಸೇರಿಕೊಂಡಿರುತ್ತದೆ. ಆಗ ಎರಡು ಮೂರು ಸಲ ಚುಚ್ಚಬೇಕಾಗುತ್ತದೆ. ಸ್ವೆಟರಿನ ತೋಳು ಬೆರಳವರೆಗೆ ಎಳೆದಿರು, ದಾರಿಯಲ್ಲಿ ನೀರು ಕುಡಿಸುತ್ತಿರು, ನಿನ್ನ ಅಂಗೈಯಲ್ಲಿ ಅವಳ ಕೈ ಬೆಚ್ಚಗೆ ಮಾಡು. ಮತ್ತೆ, ಮನೆಯಲ್ಲಿ ಯಾರೂ ‘ಊಟ ಮಾಡದಿದ್ರೆ ಸಿಸ್ಟರ್ ಹತ್ರ ಚುಚ್ಚಿಸ್ತೀನಿ’ ಅನ್ನಕೂಡದು. ಆ ಮಾತು ಕೇಳಿಕೊಂಡು ಬಂದ ಮಗು ನಮ್ಮ ಬಿಳಿ ಬಟ್ಟೆ ಕಂಡರೇ ಕಿರುಚುತ್ತದೆ.

ಮಾತ್ರೆ ಹಾಲಲ್ಲಿ ಬೇಡ. ನೀರಲ್ಲಿ ಕರಗಿಸುವ ಡೆಫೆರಾಸಿರಾಕ್ಸ್ ಆದರೆ ಅದು ಹಾಲಲ್ಲಿ ಸರಿಯಾಗಿ ಕದಡುವುದೇ ಇಲ್ಲ, ಅದಕ್ಕೇ ಲೋಟದಲ್ಲಿ ಉಳಿಯೋದು. ಗಾಜಿನ ಲೋಟದಲ್ಲಿ ನೀರು ತೆಗೆದುಕೊಂಡು ಪೂರ್ತಿ ಕದಡು. ಖಾಲಿ ಹೊಟ್ಟೆಯಲ್ಲಿ, ತಿಂಡಿಗೆ ಅರ್ಧ ಗಂಟೆ ಮುಂಚೆ ಕೊಡು. ತಳದಲ್ಲಿ ಉಳಿದದ್ದಕ್ಕೆ ಇನ್ನೊಂದು ಗುಟುಕು ನೀರು ಹಾಕಿ ಅಲ್ಲಾಡಿಸಿ ಅದನ್ನೂ ಕುಡಿಸು. ರಕ್ತದ ಜೊತೆ ಒಳಗೆ ಹೋದ ಕಬ್ಬಿಣ ತಾನಾಗಿ ಹೊರಬರೋಲ್ಲ, ಹೃದಯದಲ್ಲೂ ಲಿವರಿನಲ್ಲೂ ಕೂತುಬಿಡುತ್ತದೆ. ‘ರಕ್ತ ಕಮ್ಮಿ ಇದೆ’ ಅಂತ ಕೇಳಿ ಯಾರಾದರೂ ಕಬ್ಬಿಣದ ಟಾನಿಕ್ ತಂದುಕೊಟ್ಟರೆ ಬಾಟಲಿಯ ಮುಚ್ಚಳವನ್ನೇ ತೆಗೆಯಬೇಡ.

ಅತ್ತೆಯ ಮಾತಿಗೆ ಬರುತ್ತೇನೆ. ಥಲಸ್ಸೇಮಿಯಾ ಮೇಜರ್ ಬರಬೇಕಾದರೆ ಅಪ್ಪ ಅಮ್ಮ ಇಬ್ಬರಿಂದಲೂ ಆ ಗುಣ ಬರಬೇಕು. ಒಬ್ಬರಿಂದಲೇ ಬರೋಕೆ ಸಾಧ್ಯವಿಲ್ಲ. ಇದನ್ನು ನೀನು ಹೇಳಿದರೆ ಜಗಳವಾಗುತ್ತದೆ, ನಿನ್ನ ಗಂಡನೇ ಅವರ ಅಮ್ಮನಿಗೆ ಹೇಳಬೇಕು. ಡಾಕ್ಟರ ಬಾಯಿಂದ ಅವರು ಕೇಳಿಸಿಕೊಂಡರೆ ಹೇಳುತ್ತಾರೆ. ಅವರು ಆಸ್ಪತ್ರೆಗೆ ಬರಬೇಕು ಅನ್ನೋಕೆ ಇದೂ ಒಂದು ಕಾರಣ. ಇನ್ನೊಂದು ಮಗು ಬೇಕಾ ಬೇಡವಾ ಅನ್ನೋದು ನಿಮ್ಮಿಬ್ಬರ ತೀರ್ಮಾನ. ಆದರೆ ಪ್ರತಿ ಬಸಿರಿನಲ್ಲೂ ಇದೇ ಕಾಯಿಲೆ ಬರುವ ಸಂಭವ ನಾಲ್ಕರಲ್ಲಿ ಒಂದು. ಬಸಿರಾಗುವ ಮೊದಲೇ ಡಾಕ್ಟರ್‌ನ ಕಾಣಬೇಕು. 10ರಿಂದ 12ನೇ ವಾರದ ಹೊತ್ತಿಗೆ ಪರೀಕ್ಷೆ ಮಾಡಿ ತಿಳಿಯಬಹುದು. ಮೈದುನ, ನಾದಿನಿ, ನಿನ್ನ ತವರಿನ ತಂಗಿ ತಮ್ಮಂದಿರು ಮದುವೆಗೆ ಮುಂಚೆ ಎಚ್‌ಬಿಎ2 ಪರೀಕ್ಷೆ ಮಾಡಿಸಲಿ, ಆ ಗುಣ ತಮ್ಮಲ್ಲೂ ಇದೆಯಾ ಅಂತ ತಿಳಿಸುವ ರಕ್ತ ಪರೀಕ್ಷೆ ಅದು.

ಮಗ ಕೋಪ ಮಾಡಿಕೊಂಡಿದ್ದಾನೆ ಅಂತ ನಿನಗೆ ಅನ್ನಿಸಬಹುದು. ಅವನಿಗೆ ಹೆದರಿಕೆಯೂ ಇರಬಹುದು. ತಂಗಿಗೆ ಏನಾಗಿದೆ ಅಂತ ಅವನಿಗೆ ಯಾರಾದರೂ ಕೂರಿಸಿಕೊಂಡು ಹೇಳಿದ್ದೀರಾ? ಅಂಟೋ ಕಾಯಿಲೆ ಅಲ್ಲ, ಅವನಿಂದ ಏನೂ ತಪ್ಪಾಗಿಲ್ಲ ಅಂತ ಬಾಯಿಬಿಟ್ಟು ಹೇಳು. ಗಂಡ ಮಗಳ ಜೊತೆ ದಾವಣಗೆರೆಗೆ ಹೋದ ದಿನ ನೀನು ಮನೆಯಲ್ಲೇ ಇರುತ್ತೀಯಲ್ಲ, ಆ ಸಂಜೆ ಅವನದು. ತಂಗಿಗೆ ಮಜ್ಜೆಯ ಕಸಿ ಮಾಡೋಕೆ ಅವನ ಮಜ್ಜೆ ಹೊಂದುತ್ತದಾ ಅಂತ ಪರೀಕ್ಷೆ ಮಾಡಿಸುವ ಮಾತು ಮುಂದೆ ಬರಬಹುದು, ಒಡಹುಟ್ಟಿದವರಲ್ಲಿ ಹೊಂದುವ ಸಂಭವ ನಾಲ್ಕರಲ್ಲಿ ಒಂದು. ಅದಕ್ಕೂ ಮುಂಚೆ ಅವನ ಜೊತೆ ನಿನ್ನ ಮಾತುಕತೆ ಸರಿಯಾಗಿರಲಿ.

ಕಾಗದಪತ್ರದ ವಿಷಯ ಬೇಗ ಹೇಳಿಬಿಡುತ್ತೇನೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಥಲಸ್ಸೇಮಿಯಾ ಸೇರಿದೆ, ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿಗೆ ಅರ್ಜಿ ಹಾಕಿ. ಸರ್ಕಾರಿ ಬ್ಲಡ್ ಬ್ಯಾಂಕಿನಲ್ಲಿ ಈ ಮಕ್ಕಳಿಗೆ ರಕ್ತ ಉಚಿತ, ಬದಲಿಗೆ ರಕ್ತ ಕೊಡಿ ಅಂತ ಒತ್ತಾಯಿಸುವಂತಿಲ್ಲ. ಬೆಂಗಳೂರಿಗೆ ತೋರಿಸಲು ಹೋಗುವುದಾದರೆ ಡಾಕ್ಟರ ಸರ್ಟಿಫಿಕೇಟ್ ಇದ್ದರೆ ರೈಲಿನ ಸ್ಲೀಪರ್‌ನಲ್ಲಿ ಮಗುವಿಗೂ ಜೊತೆಗಿರುವ ಒಬ್ಬರಿಗೂ ಶೇ. 75 ರಿಯಾಯಿತಿ ಇದೆ. ಈ ಓಡಾಟವನ್ನೂ ಯಜಮಾನರಿಗೇ ಬಿಡು.

ಪ್ರಶ್ನೆ: ಮೇಡಂ, ನಾನು ಹೊಳಲ್ಕೆರೆ ಕಡೆಯ ಅಡಿಕೆ ಬೆಳೆಗಾರ. ನಾಲ್ಕು ವರ್ಷದ ಮಗನಿಗೆ ನೆಫ್ರೋಟಿಕ್ ಕಾಯಿಲೆ, ಅಂದರೆ ಮೂತ್ರದಲ್ಲಿ ಪ್ರೋಟೀನ್ ಸೋರಿಹೋಗುವ ಕಿಡ್ನಿ ಕಾಯಿಲೆ. ಮುಖ ಊದಿಕೊಳ್ಳುತ್ತದೆ, ಅಡ್ಮಿಟ್ ಮಾಡುತ್ತೇವೆ, ವಾಸಿಯಾಗಿ ಬರುತ್ತೇವೆ, ಮತ್ತೆ ಊತ. ಉಪ್ಪು ಕಮ್ಮಿ ಮಾಡಿ ಅಂದಿದ್ದಾರೆ. ನಮ್ಮ ತಾಯಿ ಕದ್ದು ಉಪ್ಪಿನಕಾಯಿ, ಖಾರ ಮಂಡಕ್ಕಿ ಕೊಡುತ್ತಾರೆ. ಬೈದರೆ ಅಳುತ್ತಾರೆ. ಏನು ಮಾಡಲಿ?

ಉತ್ತರ: ಬೈಯಬೇಡಿ, ಅವರಿಗೆ ಕೆಲಸ ಕೊಡಿ. ಮೊಮ್ಮಗನಿಗೆ ತಾನು ಏನಾದರೂ ಮಾಡಬೇಕು ಅನ್ನೋ ಸಂಕಟಕ್ಕೆ ಅವರ ಕೈಗೆ ಸಿಕ್ಕಿರೋದು ಉಪ್ಪಿನಕಾಯಿ ಭರಣಿ ಒಂದೇ. ಮಗುವಿನ ಬೆಳಗಿನ ಮೊದಲ ಮೂತ್ರವನ್ನು ಪ್ರೋಟೀನ್ ತೋರಿಸುವ ಪಟ್ಟಿಯಲ್ಲಿ ಪರೀಕ್ಷೆ ಮಾಡೋದನ್ನು ಅವರಿಗೆ ಕಲಿಸಿ. ಪಟ್ಟಿ ಅದ್ದಿ, ಡಬ್ಬಿಯ ಮೇಲೆ ಹೇಳಿದಷ್ಟು ಹೊತ್ತು ಕಾದು, ಅದೇ ಡಬ್ಬಿಯ ಬಣ್ಣದ ಜೊತೆ ಹೋಲಿಸಬೇಕು ಅಷ್ಟೇ. ಓದು ಬರದಿದ್ದರೂ ಹಸಿರು ಎಷ್ಟು ಗಾಢವಾಗಿದೆ ಅಂತ ಕಣ್ಣಿಗೆ ಕಾಣುತ್ತದೆ. ಕ್ಯಾಲೆಂಡರಿನ ಮೇಲೆ ನೀವು ಬರೆದುಕೊಳ್ಳಿ. ಮೂರು ದಿನ ಬಿಡದೆ 3+ ಬಂದರೆ ಕಾಯಿಲೆ ಮರುಕಳಿಸಿದೆ ಅಂತ ಅರ್ಥ. ಊತ ಬರುವವರೆಗೆ ಕಾಯದೆ ಡಾಕ್ಟರ್‌ಗೆ ಫೋನ್ ಮಾಡಿ. ಹೀಗೆ ಬೇಗ ಹಿಡಿದರೆ ಎಷ್ಟೋ ಸಲ ಅಡ್ಮಿಟ್ ಆಗೋದೇ ತಪ್ಪುತ್ತದೆ. ಊತ ಇರುವಾಗ ಉಪ್ಪಿನಕಾಯಿ, ಹಪ್ಪಳ, ಬೇಕರಿ ತಿಂಡಿ, ಖಾರ ಮಂಡಕ್ಕಿ ಒಂದೂ ಬೇಡ.

ಆದರೆ ಒಂದು ವಿಷಯ ತಿಳಿದಿರಲಿ, ನಿಮ್ಮ ತಾಯಿಗೂ ಹೇಳಿ. ಉಪ್ಪಿನಿಂದ ಊತ ಜಾಸ್ತಿಯಾಗುತ್ತದೆ, ಕಾಯಿಲೆ ಮರುಕಳಿಸೋದು ಅದರಿಂದಲ್ಲ. ನೆಗಡಿ, ಕೆಮ್ಮು, ಜ್ವರ ಬಂದಾಗಲೇ ಹೆಚ್ಚಾಗಿ ಮರುಕಳಿಸುತ್ತದೆ. ಸ್ಟೀರಾಯ್ಡ್ ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ. ಅಕ್ಕಪಕ್ಕದ ಮಗುವಿಗೆ ಸಿಡುಬಿನಂಥ ಗುಳ್ಳೆ, ಅಂದರೆ ಚಿಕನ್ ಪಾಕ್ಸ್ ಬಂದು ನಿಮ್ಮ ಮಗ ಅದರ ಜೊತೆ ಆಡಿದ್ದರೆ ಅವತ್ತೇ ಡಾಕ್ಟರ್‌ಗೆ ತಿಳಿಸಿ. ಯಾವುದೇ ಲಸಿಕೆ ಹಾಕಿಸುವ ಮುಂಚೆ ಸ್ಟೀರಾಯ್ಡ್ ನಡೆಯುತ್ತಿದೆ ಅಂತ ಹೇಳಿ. ಪಟ್ಟಿಯ ಡಬ್ಬಿಯನ್ನು ಬಚ್ಚಲಲ್ಲಿ ಇಡಬೇಡಿ, ತೇವ ತಗುಲಿದರೆ ಬಣ್ಣ ತಪ್ಪು ತೋರಿಸುತ್ತದೆ.