‘ಟೇಕ್ ದಿ ಎ ಟ್ರೈನ್’ ಹಾಡು ಬರೆದಿದ್ದು ಡ್ಯೂಕ್ ಎಲಿಂಗ್ಟನ್ನಾ? ಮನೆಗೆ ಬರೋ ದಾರಿ ಹೇಳಿದ್ದೇ ಹಾಡಾಯ್ತು ಅನ್ನೋದು ನಿಜಾನಾ?

ಮೊದಲನೇದಕ್ಕೆ ಉತ್ತರ ಅಲ್ಲ, ಎರಡನೇದಕ್ಕೆ ಹೌದು. ಎಲಿಂಗ್ಟನ್ ಅಂದ್ರೆ ಅಮೆರಿಕಾದ ಜಾಝ್ ಬ್ಯಾಂಡ್ ನಡೆಸ್ತಿದ್ದೋರು, ಅವರ ಬ್ಯಾಂಡಿನ ಗುರುತಿನ ಹಾಡೇ ಅದು, ಹಾಗಾಗಿ ಅವರೇ ಬರೆದಿರಬೇಕು ಅಂತ ಎಲ್ಲರೂ ಅಂದ್ಕೊಳ್ತಾರೆ, ಆದ್ರೆ ಬರೆದಿದ್ದು ಬಿಲ್ಲಿ ಸ್ಟ್ರೇಹಾರ್ನ್. ಈ ಹೆಸರು ಇನ್ನೂ ಜಾಸ್ತಿ ಜನಕ್ಕೆ ಗೊತ್ತಾಗ್ಬೇಕು ಅನ್ನೋದು ನನ್ನ ಬಹಳ ದಿನದ ಆಸೆ, ಅದಕ್ಕೇ ಸ್ವಲ್ಪ ಉದ್ದಕ್ಕೇ ಬರೀತೀನಿ.

ಸ್ಟ್ರೇಹಾರ್ನ್ ಬೆಳೆದಿದ್ದು ಪಿಟ್ಸ್‌ಬರ್ಗಲ್ಲಿ, ಬಡ ಕುಟುಂಬ, ಒಂದು ಔಷಧಿ ಅಂಗಡೀಲಿ ಕೆಲಸ ಮಾಡ್ಕೊಂಡೇ ಪಿಯಾನೋ ಕಲಿತೋನು. 1938ರ ಡಿಸೆಂಬರಲ್ಲಿ ಎಲಿಂಗ್ಟನ್ ಬ್ಯಾಂಡ್ ಅಲ್ಲಿನ ಸ್ಟ್ಯಾನ್ಲಿ ಥಿಯೇಟರಿಗೆ ಬಂದಾಗ ಪರಿಚಯದವರೊಬ್ಬರು ಇವನನ್ನ ಒಳಗೆ ಕರ್ಕೊಂಡು ಹೋದ್ರು. ಆಗ ವಯಸ್ಸು 23. ಎಲಿಂಗ್ಟನ್ ಕೂದಲಿಗೆ ಏನೋ ಹಚ್ಚಿಸ್ಕೊಂಡು ಕಣ್ಣು ಮುಚ್ಚಿ ಒರಗಿದ್ರಂತೆ, ಏನಾದ್ರೂ ನುಡಿಸು ಅಂದ್ರು. ಇವನು ‘ಸೊಫಿಸ್ಟಿಕೇಟೆಡ್ ಲೇಡಿ’ನ ಮೊದಲು ಎಲಿಂಗ್ಟನ್ ಶೋನಲ್ಲಿ ಹೇಗೆ ನುಡಿಸಿದ್ರೋ ಹಾಗೇ ನುಡಿಸಿ, ನೀವು ಹೀಗೆ ನುಡಿಸ್ತೀರಿ ಅಂದ, ಆಮೇಲೆ ನಾನಾದ್ರೆ ಹೀಗೆ ಅಂತ ಇನ್ನೊಂದು ಥರ ನುಡಿಸ್ದ. ಎಲಿಂಗ್ಟನ್ ಕಣ್ಣು ಬಿಟ್ಟಿದ್ದು ಆಗ! ತಕ್ಷಣ ಬ್ಯಾಂಡಿನ ಹ್ಯಾರಿ ಕಾರ್ನೀನ ಕರೆಸಿ, ಬಂದು ಕೇಳು ಅಂದ್ರು. ನ್ಯೂಯಾರ್ಕಿಗೆ ಬಾ ಅಂತ ಕರೆದು ಮನೆಗೆ ಬರೋ ದಾರೀನೂ ಹೇಳಿಕೊಟ್ರು.

ಆ ದಾರಿ ಅಂದ್ರೆ ಸಬ್‌ವೇ, ನ್ಯೂಯಾರ್ಕಿನ ನೆಲದಡಿಯ ರೈಲು. ಎಂಟನೇ ಅವೆನ್ಯೂ ಲೈನ್ 1932ರ ಸೆಪ್ಟೆಂಬರಲ್ಲಿ ಶುರುವಾಗಿತ್ತು, ಅದರ ಎಕ್ಸ್‌ಪ್ರೆಸ್ಸೇ ಎ ಟ್ರೈನ್, 59ನೇ ಬೀದಿ ಬಿಟ್ರೆ ಸೀದಾ 125ಕ್ಕೆ ನಿಲ್ಲೋದು. ಅಲ್ಲಿಂದ ಮುಂದೆ ಹಾರ್ಲೆಮಿನ ಶುಗರ್ ಹಿಲ್, ಸ್ವಲ್ಪ ಅನುಕೂಲ ಇದ್ದ ಕಪ್ಪು ಜನರ ಬಡಾವಣೆ, ಎಲಿಂಗ್ಟನ್ ಮನೆ ಇದ್ದಿದ್ದು ಅಲ್ಲೇ. ಸ್ಟ್ರೇಹಾರ್ನ್ ಈ ಸೂಚನೇನೇ ಇಟ್ಕೊಂಡು ರಾಗ ಹಾಕ್ದ. 1940ರ ಕೊನೇಲಿ ಅದೇ ಹಳಿ ಮೇಲೆ ಡಿ ಟ್ರೈನೂ ಓಡೋಕೆ ಶುರುವಾಯ್ತು, ಅದು 145ನೇ ಬೀದಿವರೆಗೂ ಜೊತೇಲೇ ಬಂದು ಆಮೇಲೆ ಬ್ರಾಂಕ್ಸ್ ಕಡೆ ತಿರುಗಿಬಿಡುತ್ತೆ, ಹಾಗಾಗಿ ಎ ಟ್ರೈನೇ ಹಿಡೀಬೇಕು ಅನ್ನೋ ಮಾತು ಆ ಏರಿಯಾದವರಿಗೆ ದಿನಾ ಬೇಕಾಗೋ ಮಾತಾಯ್ತು.

ಆದ್ರೆ ಒಳ್ಳೆ ರಾಗ ಇದ್ದ ಮಾತ್ರಕ್ಕೆ ಇದು ಬ್ಯಾಂಡಿನ ಗುರುತಿನ ಹಾಡಾಗಲಿಲ್ಲ, ದುಡ್ಡಿನ ಜಗಳ ಒಂದು ಆಗದೇ ಇದ್ದಿದ್ರೆ ಬಹುಶಃ ನಾವು ಇದನ್ನ ಕೇಳ್ತಾನೇ ಇರಲಿಲ್ಲ. ಹಾಡು ಬರೆಯೋರ ಪರವಾಗಿ ರಾಯಲ್ಟಿ ವಸೂಲಿ ಮಾಡೋ ಆಸ್ಕ್ಯಾಪ್ ಅನ್ನೋ ಸಂಸ್ಥೆ ರೇಡಿಯೋದವರಿಗೆ ದರ ಸಿಕ್ಕಾಪಟ್ಟೆ ಏರಿಸ್ತು, ರೇಡಿಯೋದವರು ಒಪ್ಪಲಿಲ್ಲ, ಎದುರಿಗೆ ಬಿಎಂಐ ಅಂತ ತಮ್ಮದೇ ಇನ್ನೊಂದು ಸಂಸ್ಥೆ ಕಟ್ಟಿಕೊಂಡು 1941ರ ಜನವರಿ 1ರಿಂದ ಆಸ್ಕ್ಯಾಪ್ ಸದಸ್ಯರ ಹಾಡು ಹಾಕೋದನ್ನೇ ನಿಲ್ಲಿಸಿಬಿಟ್ರು. ಹಕ್ಕು ಮುಗಿದು ಹೋಗಿದ್ದ ಹತ್ತೊಂಬತ್ತನೇ ಶತಮಾನದ ಸ್ಟೀಫನ್ ಫಾಸ್ಟರ್ ಹಾಡುಗಳನ್ನ ಹಾಕಿದ್ದೇ ಹಾಕಿದ್ದು. ಎಲಿಂಗ್ಟನ್ ಆಸ್ಕ್ಯಾಪ್ ಮೆಂಬರ್, ಅಂದ್ರೆ ಸ್ವಂತ ಬ್ಯಾಂಡ್ ಇಟ್ಕೊಂಡು ಸ್ವಂತ ಹಾಡನ್ನ ರೇಡಿಯೋದಲ್ಲಿ ನುಡಿಸೋ ಹಾಗಿಲ್ಲ. ಆ ಕಾಲದಲ್ಲಿ ರೇಡಿಯೋ ಇಲ್ಲ ಅಂದ್ರೆ ಬ್ಯಾಂಡಿಗೆ ಹೊಟ್ಟೆಪಾಡು ಕಷ್ಟ.

ಮೆಂಬರ್ ಅಲ್ಲದೇ ಇದ್ದೋರು ಇಬ್ಬರು, ಸ್ಟ್ರೇಹಾರ್ನ್ ಮತ್ತೆ ಎಲಿಂಗ್ಟನ್ ಮಗ ಮರ್ಸರ್. ಇಬ್ಬರನ್ನೂ ಕೂರಿಸಿ, ಬೇಗ ಒಂದು ಹೊಸ ಕಂತೆ ಹಾಡು ಬರ್ಕೊಡಿ ಅಂದ್ರು. ರಾತ್ರಿ ಹಗಲು ಬರೆದ್ರು. ಮರ್ಸರ್ ಮುಂದೆ ಹೇಳಿಕೊಂಡಿರೋ ಪ್ರಕಾರ ಎ ಟ್ರೈನ್ ಹಾಳೆ ಸಿಕ್ಕಿದ್ದು ಕಸದ ಬುಟ್ಟೀಲಿ. ಇದಕ್ಕೇನಾಗಿದೆ ಅಂತ ಕೇಳಿದ್ರೆ, ಅದು ಹಳೇದು, ಫ್ಲೆಚರ್ ಹೆಂಡರ್ಸನ್ ಥರಾನೇ ಕೇಳುತ್ತೆ ಅಂತ ಎಸೆದೆ ಅಂದನಂತೆ ಸ್ಟ್ರೇಹಾರ್ನ್. ಇದರಲ್ಲಿ ನಿಜಾಂಶ ಇದೆ, ಹೆಂಡರ್ಸನ್ ಬ್ಯಾಂಡಲ್ಲಿ ಸ್ಯಾಕ್ಸಫೋನುಗಳು ಒಂದು ಮಾತು ಹೇಳಿದ್ರೆ ಟ್ರಂಪೆಟ್ ಟ್ರೊಂಬೋನುಗಳು ಉತ್ತರ ಕೊಡೋ ರೀತಿ ಇತ್ತು, ಇಲ್ಲೂ ಹಾಗೇ ಇದೆ. ಅದೇ ಗದ್ದಲದಲ್ಲಿ ‘ಚೆಲ್ಸಿ ಬ್ರಿಡ್ಜ್’ ಥರದ ರತ್ನಗಳೂ ಬ್ಯಾಂಡಿನ ಕೈಗೆ ಬಂದವು. ಅಕ್ಟೋಬರ್ ಕೊನೇಲಿ ದೊಡ್ಡ ನೆಟ್‌ವರ್ಕುಗಳು ರಾಜಿ ಆಗೋ ಹೊತ್ತಿಗೆ ಎ ಟ್ರೈನ್ ಬ್ಯಾಂಡಿನ ಗುರುತಾಗಿ ಹೋಗಿತ್ತು.

ವಿಕ್ಟರ್ ಕಂಪನಿಗೆ ಹಾಲಿವುಡ್ಡಲ್ಲಿ ರೆಕಾರ್ಡ್ ಆಗಿದ್ದು 1941ರ ಫೆಬ್ರವರಿ 15. ಮೂರು ನಿಮಿಷಾನೂ ಪೂರ್ತಿ ಇಲ್ಲ. ಎಲಿಂಗ್ಟನ್ ಪಿಯಾನೋದಲ್ಲಿ ನಾಲ್ಕು ಬಾರ್ ನುಡಿಸ್ತಾರೆ, ಆಮೇಲೆ ಸ್ಯಾಕ್ಸುಗಳು ರಾಗ ಹಿಡೀತವೆ. ನಮ್ಮ ಕರ್ನಾಟಕ ಸಂಗೀತದ ಸ್ವರದಲ್ಲಿ ಹೇಳೋದಾದ್ರೆ ಪ, ಗ, ಸ ಅಂತ ಸಂಪೂರ್ಣ ನೆಮ್ಮದಿಯ ಸ್ವರಗಳಲ್ಲೇ ಓಡಾಡ್ತಿರೋ ರಾಗ ಇದ್ದಕ್ಕಿದ್ದ ಹಾಗೆ ಶುದ್ಧ ಧೈವತದ ಮೇಲೆ ಹೋಗಿ ನಿಂತುಬಿಡುತ್ತೆ, ಅದೇ ಸಮಯಕ್ಕೆ ಕೆಳಗಿನ ಕಾರ್ಡೂ (ಒಟ್ಟಿಗೆ ನುಡಿಸೋ ಸ್ವರಗಳ ಗುಂಪು) ಚತುಶ್ರುತಿ ರಿಷಭಕ್ಕೆ ಸರಿಯುತ್ತೆ, ಎರಡಕ್ಕೂ ಒಂದು ಎಳೆದಾಟ. ಹಾಡಿನ ಜೀವ ಇರೋದು ಆ ಒಂದು ಸ್ವರದಲ್ಲಿ, ಅದನ್ನ ಪಂಚಮ ಮಾಡಿ ಹಾಡಿ ನೋಡಿ, ಸಪ್ಪೆ ಆಗುತ್ತೆ.

ಟ್ರಂಪೆಟ್ ಸೋಲೋ ರೇ ನ್ಯಾನ್ಸ್‌ದು. ಕೂಟಿ ವಿಲಿಯಮ್ಸ್ ಬೆನ್ನಿ ಗುಡ್‌ಮನ್ ಬ್ಯಾಂಡಿಗೆ ಹೋದ ಮೇಲೆ ಆ ಜಾಗಕ್ಕೆ ಕೆಲವೇ ತಿಂಗಳ ಹಿಂದೆ ಬಂದಿದ್ದ ಹೊಸಬ. ಮೊದಲು ಟ್ರಂಪೆಟ್ ಬಾಯಿಗೆ ದನಿ ತಗ್ಗಿಸೋ ಮ್ಯೂಟ್ ಹಾಕಿ ನುಡಿಸ್ತಾನೆ, ಆಮೇಲೆ ಶ್ರುತಿ ಸಿ ಇಂದ ಇ ಫ್ಲಾಟಿಗೆ ಏರುತ್ತೆ, ಮ್ಯೂಟ್ ತೆಗೀತಾನೆ. ಆ ಸೋಲೋ ಎಷ್ಟು ಹಿಡಿಸ್ತು ಅಂದ್ರೆ ಮುಂದೆ ಇದನ್ನ ನುಡಿಸಿದ ಟ್ರಂಪೆಟ್‌ನವರು ಅದನ್ನೇ ಹಾಡಿನ ಭಾಗದ ಥರ ನುಡಿಸ್ತಾ ಬಂದ್ರು. ಬೇಸ್ ನುಡಿಸಿದ ಜಿಮ್ಮಿ ಬ್ಲಾಂಟನ್ ಕಡೆಗೂ ಒಮ್ಮೆ ಕಿವಿ ಕೊಡಿ, ಮರುವರ್ಷವೇ ಕ್ಷಯದಿಂದ ತೀರಿಕೊಂಡ, ಆಗಿನ್ನೂ 23.

ಸಾಹಿತ್ಯ ಎಲ್ಲ ಆಮೇಲೆ ಸೇರಿದ್ದು. 1943ರ ಒಂದು ಸಿನಿಮಾದಲ್ಲಿ ಬೆಟ್ಟಿ ರೋಶೇ ಇದನ್ನ ಹಾಡ್ತಾರೆ, ಜೋಯಾ ಶೆರಿಲ್ ಕೂಡ ಸಾಹಿತ್ಯ ಬರೆದ್ರು, ಬ್ಯಾಂಡಲ್ಲಿ ಹಾಡಿದ್ರು. ಆದ್ರೆ ಇದನ್ನ ಲೋಕಕ್ಕೆಲ್ಲಾ ಮುಟ್ಟಿಸಿದ್ದು ವಾಯ್ಸ್ ಆಫ್ ಅಮೆರಿಕಾದಲ್ಲಿ ವಿಲಿಸ್ ಕೊನೋವರ್ ನಡೆಸ್ತಿದ್ದ ಜಾಝ್ ಕಾರ್ಯಕ್ರಮ, 1955ರಿಂದ ಅದರ ಸಿಗ್ನೇಚರ್ ಟ್ಯೂನ್ ಇದೇ, ಶಾರ್ಟ್‌ವೇವ್ ರೇಡಿಯೋ ಇದ್ದ ಎಷ್ಟೋ ದೇಶದ ಜನ ಜಾಝ್ ಅಂತ ಮೊದಲು ಕೇಳಿದ್ದೇ ಇದನ್ನ. 1963ರಲ್ಲಿ ಅಮೆರಿಕಾ ಸರ್ಕಾರ ಕಳಿಸಿದ ಪ್ರವಾಸದಲ್ಲಿ ಎಲಿಂಗ್ಟನ್ ಬ್ಯಾಂಡ್ ಭಾರತಕ್ಕೂ ಬಂದಿತ್ತು, ಸ್ಟ್ರೇಹಾರ್ನೂ ಜೊತೇಲಿದ್ರು.

ಹೆಸರು ಯಾಕೆ ಹಿಂದೆ ಉಳೀತು ಅಂದ್ರೆ, ಸುಮಾರು ಮೂವತ್ತು ವರ್ಷ ಇಬ್ಬರೂ ಒಟ್ಟಿಗೆ ಕೆಲಸ ಮಾಡಿದ್ರು, ಪೋಸ್ಟರಲ್ಲಿ ಇದ್ದಿದ್ದು ಒಬ್ಬರದೇ ಹೆಸರು. ಸ್ಟ್ರೇಹಾರ್ನ್ ಗೇ ಆಗಿದ್ರು, ಆ ಕಾಲದಲ್ಲೇ ಅದನ್ನ ಮುಚ್ಚಿಡದೇ ಬದುಕಿದ್ರು, ಮುಂದೆ ನಿಂತು ಹೆಸರು ಮಾಡೋದಕ್ಕಿಂತ ಹಾಗೆ ಬದುಕೋಕೆ ಹಿಂದೆ ಇರೋದೇ ಅನುಕೂಲ ಆಗಿತ್ತು ಅನ್ನೋದು ನನ್ನ ಅಭಿಪ್ರಾಯ. ಎಲಿಂಗ್ಟನ್ ಮಾತ್ರ ಅವರನ್ನ ನನ್ನ ಬಲಗೈ ಎಡಗೈ ಎರಡೂ ಅಂತ ಬರೆದಿದಾರೆ. 1967ರ ಮೇನಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡಾಗ ಸ್ಟ್ರೇಹಾರ್ನ್‌ಗೆ 51.

ಕೇಳೋದಾದ್ರೆ ಮೊದಲು 1941ರ ವಿಕ್ಟರ್ ರೆಕಾರ್ಡ್ ಕೇಳಿ, ಆಮೇಲೆ ‘ಎಲಿಂಗ್ಟನ್ ಅಪ್‌ಟೌನ್’ ಆಲ್ಬಮಿಂದು. ಅದು ಉದ್ದ ಇದೆ, ಬೆಟ್ಟಿ ರೋಶೇ ಅದರಲ್ಲಿ ಮಾತು ಬಿಟ್ಟು ಬರೀ ಸ್ಕ್ಯಾಟ್, ಅಂದ್ರೆ ಅರ್ಥ ಇಲ್ಲದ ಶಬ್ದಗಳಲ್ಲಿ, ಹಾಡೋಕೆ ಶುರು ಮಾಡೋ ಜಾಗ ಬಂದಾಗ ಹೆಡ್‌ಫೋನ್ ಹಾಕ್ಕೊಂಡಿದ್ರೆ ಇನ್ನೂ ಚೆಂದ.