ಹುಲ್ಲಲ್ಲಿ ಆರು ಗೂಬೆ, ಕ್ವಾರಿಯಲ್ಲಿ ಎರಡೇ ಯಾಕೆ?

ಜನವರಿಯಲ್ಲಿ ಹೆಸರಘಟ್ಟದ ಹುಲ್ಲುಗಾವಲಿಂದ ಆರು ಗೂಬೆ ಒಟ್ಟಿಗೆ ಎದ್ದವು, ಹಳೇ ಕ್ವಾರಿಯಲ್ಲಿ ಮಾತ್ರ ವರ್ಷವಿಡೀ ಒಂದೇ ಜೋಡಿ, ಯಾಕೆ ಅಂತ ಕೇಳಿದ್ದೀರಿ. ಒಳ್ಳೆಯ ಪ್ರಶ್ನೆ.

ಹುಲ್ಲಿಂದ ಎದ್ದವು ಶಾರ್ಟ್ ಇಯರ್ಡ್ ಔಲ್ ಇರಬೇಕು. ಚಳಿಗಾಲಕ್ಕೆ ಬಂದು ಹೋಗುವ ಹಕ್ಕಿ, ಇಲ್ಲಿ ಮರಿ ಮಾಡುವುದಿಲ್ಲ. ಕಾಯಲು ಗೂಡಿಲ್ಲ ಅಲ್ವಾ, ಅದಕ್ಕೇ ಹಗಲು ಹತ್ತಿರ ಹತ್ತಿರ ಕೂರುತ್ತವೆ. ಉತ್ತರದ ತಮ್ಮೂರಿಗೆ ಹೋದ ಮೇಲೆ ಕಥೆಯೇ ಬೇರೆ. ನೆಲದಲ್ಲೇ ಗೂಡು, ಪ್ರತಿ ಜೋಡಿಗೂ ತನ್ನದೇ ಜಾಗ. ಗಂಡು ಎತ್ತರಕ್ಕೆ ಹಾರಿ, ಹೊಟ್ಟೆಯ ಕೆಳಗೆ ರೆಕ್ಕೆಗಳನ್ನು ಚಪ್ಪಾಳೆ ತಟ್ಟಿದ ಹಾಗೆ ಬಡಿಯುತ್ತದೆ. ಆ ಜಾಗ ಎಷ್ಟು ದೊಡ್ಡದು ಅನ್ನುವುದು ವೋಲ್ ಎಂಬ ಗಿಡ್ಡ ಬಾಲದ ಇಲಿಗಳ ಮೇಲೆ ನಿಂತಿದೆ. ಇಲಿ ಜಾಸ್ತಿಯಾದ ವರ್ಷ ಜಾಗ ಕುಗ್ಗುತ್ತದೆ, ಜೋಡಿಗಳು ಹೆಚ್ಚುತ್ತವೆ. ಇಲಿ ಕಡಿಮೆಯಾದರೆ ಬೇರೆ ಕಡೆ ಹೋಗುತ್ತವೆ.

ಕ್ವಾರಿಯ ಕೊಂಬಿನ ಗೂಬೆ ಇಲ್ಲೇ ನೆಲೆ ನಿಂತದ್ದು. ಬಂಡೆಯ ಸಂದಿಯಲ್ಲಿ ಬರೀ ಮಣ್ಣಿನ ಮೇಲೆ ಮೊಟ್ಟೆ ಇಡುತ್ತದೆ, ವರ್ಷ ವರ್ಷ ಅದೇ ಜಾಗಕ್ಕೆ ಬರುತ್ತದೆ. ಸಂಜೆ ಬಂಡೆ ತುದಿಯಲ್ಲಿ ಕೂತು ಕೂಗುವುದು ಸುಮ್ನೆ ಅಲ್ಲ, ಬೇರೆ ಗೂಬೆ ಒಳಗೆ ಬರದಂತೆ ಬೇಲಿ ಹಾಕಿದ ಹಾಗೆ. ಅದಕ್ಕೇ ಅಲ್ಲಿ ಒಂದೇ ಜೋಡಿ. ಆಗ ಗಂಟಲ ಬಿಳಿ ಪಟ್ಟಿ ಉಬ್ಬುತ್ತದೆ, ನೋಡಿ. ಆದರೆ ನವೆಂಬರ್‌ನಿಂದ ಏಪ್ರಿಲ್‌ವರೆಗೆ ಮರಿ ಮಾಡುವ ಕಾಲ, ದಯವಿಟ್ಟು ದೂರದಿಂದಲೇ ಬೈನಾಕ್ಯುಲರ್ ಹಿಡಿಯಿರಿ.