ಹೃದಯ ಸರಿಯಿದ್ದೂ ಹಾರ್ಟ್ ಫೇಲ್ಯೂರ್ ಹೇಗೆ?

ಪ್ರಶ್ನೆ: ತಂಗಿಯ ಮಗುವಿಗೆ ಹುಟ್ಟಿದ ಮರುದಿನದಿಂದಲೇ ಏದುಸಿರು, ಹಾಲು ಕುಡಿಯುವಾಗ ಹಣೆಯಲ್ಲಿ ಬೆವರು. ಎಕೋದಲ್ಲಿ ತೂತಿಲ್ಲ, ಆದರೂ ಹಾರ್ಟ್ ಫೇಲ್ಯೂರ್ ಅಂದರು. ಈಗ ತಲೆಯ ಎಂಆರ್‌ಐ ಮಾಡಿ ‘ವೇಯ್ನ್ ಆಫ್ ಗ್ಯಾಲೆನ್’ ತೊಂದರೆ ಎನ್ನುತ್ತಿದ್ದಾರೆ. ಹೃದಯಕ್ಕೂ ತಲೆಗೂ ಏನು ಸಂಬಂಧ? ಗ್ರಹಣದ ದಿನ ಹೊರಗೆ ಹೋದದ್ದೇ ಕಾರಣವೆಂದು ಮನೆಯಲ್ಲಿ ತಂಗಿಯನ್ನು ದೂರುತ್ತಿದ್ದಾರೆ.
– ಓದುಗರು, ಉಡುಪಿ

ಉತ್ತರ: ಮೊದಲು ಗ್ರಹಣದ ಮಾತು. ವೇಯ್ನ್ ಆಫ್ ಗ್ಯಾಲೆನ್ ಎಂದರೆ ಮಿದುಳಿನ ಆಳದಲ್ಲಿರುವ ಒಂದು ಅಭಿಧಮನಿ, ರಕ್ತವನ್ನು ಹೃದಯಕ್ಕೆ ಮರಳಿಸುವ ನಾಳ. ಅದರ ಈ ದೋಷ ಮೂಡುವುದು ಗರ್ಭದ 6ರಿಂದ 11ನೇ ವಾರದೊಳಗೆ, ಮಿದುಳಿನ ರಕ್ತನಾಳಗಳು ರೂಪುಗೊಳ್ಳುವ ಹೊತ್ತಿಗೆ. ಗ್ರಹಣಕ್ಕೂ ಇದಕ್ಕೂ ಸಂಬಂಧವಿಲ್ಲ. ಬಾಣಂತಿಯನ್ನು ದೂರುವುದನ್ನು ದಯವಿಟ್ಟು ಇವತ್ತೇ ನಿಲ್ಲಿಸಿ.

ಅಪಧಮನಿಯ ರಕ್ತ ಕೂದಲೆಳೆಯಂಥ ಲೋಮನಾಳಗಳನ್ನು ಹಾಯ್ದೇ ಅಭಿಧಮನಿ ಸೇರಬೇಕು. ಇಲ್ಲಿ ನಡುವಿನ ಆ ಜಾಲವೇ ಇಲ್ಲ. ರಕ್ತ ರಭಸದಿಂದ ನೇರ ಅಭಿಧಮನಿಗೆ ನುಗ್ಗಿ ಹೃದಯಕ್ಕೆ ವಾಪಸಾಗುತ್ತದೆ. ಗದ್ದೆಯ ಹುಣಿ ಒಡೆದರೆ ಪಂಪು ಎಷ್ಟು ಓಡಿದರೂ ಆಚೆಯ ಪೈರಿಗೆ ನೀರಿಲ್ಲ, ಹಾಗೆ. ತೀವ್ರವಾಗಿದ್ದರೆ ಹೃದಯ ದೂಡುವ ರಕ್ತದಲ್ಲಿ ಶೇ. 80ರವರೆಗೂ ತಲೆಗೇ ಹೋಗಿಬಿಡುತ್ತದೆ. ಕಿಡ್ನಿ, ಲಿವರ್ ಸೊರಗುತ್ತವೆ, ಹೃದಯ ದುಡಿದು ದುಡಿದು ಸೋಲುತ್ತದೆ. ಹೊಟ್ಟೆಯೊಳಗೆ ಇದ್ದಾಗ ಮಾಸು ಕೂಡ ರಕ್ತವನ್ನು ಸಲೀಸಾಗಿ ಎಳೆದುಕೊಳ್ಳುವುದರಿಂದ ಹೆಚ್ಚಿನ ಮಕ್ಕಳು ತಡೆದುಕೊಂಡಿರುತ್ತಾರೆ. ಹೊಕ್ಕುಳಬಳ್ಳಿ ಕತ್ತರಿಸಿದ ಮೇಲೆ ಆ ಪಾಲೂ ತಲೆಯ ಕಡೆಗೇ ತಿರುಗುತ್ತದೆ.

ಇಂಥ ಮಗುವಿನ ನೆತ್ತಿಯ ಮೇಲೆ ಸ್ಟೆತೊಸ್ಕೋಪ್ ಇಟ್ಟರೆ ಎಷ್ಟೋ ಸಲ ‘ಭುಸ್ ಭುಸ್’ ಎಂದು ರಕ್ತ ಹರಿಯುವ ಸದ್ದು ಕೇಳುತ್ತದೆ. ಅರ್ಧ ನಿಮಿಷದ ಕೆಲಸ. ಎಕೋದಲ್ಲಿ ಕಾರಣ ಸಿಗದಾಗ ನಾವು ವೈದ್ಯರು ಇದನ್ನು ಮರೆಯಬಾರದು.

ಔಷಧಿಗೆ ಹೃದಯ ಹತೋಟಿಗೆ ಬಂದರೆ ನಾಳ ಮುಚ್ಚುವ ಚಿಕಿತ್ಸೆಗೆ ಐದಾರು ತಿಂಗಳು ಕಾಯುವುದೇ ಒಳ್ಳೆಯದು. ಬಾರದಿದ್ದರೆ ಕಾಯದೆ ತೊಡೆಯ ರಕ್ತನಾಳದಿಂದ ಸಣ್ಣ ನಳಿಕೆ ತೂರಿಸಿ, ಒಂದು ಬಗೆಯ ಅಂಟಿನಿಂದ ಆ ಅಡ್ಡದಾರಿಯನ್ನು ಮುಚ್ಚುತ್ತಾರೆ. ಒಂದೇ ಸಲ ಪೂರ್ತಿ ಮುಚ್ಚಿದರೆ ಮಿದುಳಿನಲ್ಲಿ ರಕ್ತಸ್ರಾವದ ಭಯ, ಹಾಗಾಗಿ ಹಂತಹಂತವಾಗಿ. ತಲೆಬುರುಡೆ ತೆರೆದು ಮಾಡುವ ಶಸ್ತ್ರಚಿಕಿತ್ಸೆಯ ಫಲಿತಾಂಶ ಚೆನ್ನಾಗಿಲ್ಲ, ಈಗ ಬಹುತೇಕ ಕೈಬಿಟ್ಟಿದ್ದಾರೆ.

ಸುಳ್ಳು ಭರವಸೆ ಕೊಡಲಾರೆ. ಎಂಆರ್‌ಐಯಲ್ಲಿ ಮಿದುಳಿಗೆ ಆಗಲೇ ಹೆಚ್ಚು ಹಾನಿಯಾಗಿದ್ದರೆ ನಾಳ ಮುಚ್ಚಿ ಪ್ರಯೋಜನ ಕಡಿಮೆ. ಮಿದುಳು ಚೆನ್ನಾಗಿದ್ದರೆ ಚೇತರಿಸಿಕೊಂಡು ಶಾಲೆಗೆ ಹೋಗುವ ಮಕ್ಕಳಿದ್ದಾರೆ. ಹೃದಯ, ಮಿದುಳು, ಉಸಿರಾಟ, ಲಿವರ್, ಕಿಡ್ನಿ ನೋಡಿ 21ಕ್ಕೆ ಅಂಕ ಕೊಡುವ ‘ಬಿಸೆತ್ರ್ ಸ್ಕೋರ್’ ಇದೆ. ಮಗುವಿನದು ಎಷ್ಟೆಂದು ಕೇಳಿ. 8ರಿಂದ 12 ಇದ್ದರೆ ತುರ್ತು, ಅದಕ್ಕಿಂತ ಮೇಲಿದ್ದರೆ ಸಾಮಾನ್ಯವಾಗಿ ಕಾಯಬಹುದು. ನವಜಾತ ಶಿಶುಗಳಲ್ಲಿ ಈ ಚಿಕಿತ್ಸೆ ಮಾಡಿ ಅನುಭವವಿರುವ ತಂಡ ಎಲ್ಲಿದೆ ಎಂದು ನಿಮ್ಮ ವೈದ್ಯರನ್ನೇ ವಿಚಾರಿಸಿ. ಬೆಂಗಳೂರಿಗೋ ಬೇರೆಡೆಗೋ ಹೋಗಬೇಕಾದರೆ ವೆಂಟಿಲೇಟರ್ ಇರುವ ಶಿಶು ಆಂಬ್ಯುಲೆನ್ಸೇ ಬೇಕು. ಕಾರಿನಲ್ಲಿ ಮಡಿಲಲ್ಲಿಟ್ಟುಕೊಂಡು ಘಾಟಿ ಹತ್ತಬೇಡಿ.